ಕಂಪ್ಯೂಟರು ಬಂದರೂ ಹಣ ಹನ್ನೆರಡನೇ ದಿನಕ್ಕೆ



ಮುಂಬರುವ ವಾರ್ಷಿಕ ಮಹಾಸಭೆಯ ತಿಳುವಳಿಕೆ ಪತ್ರ ತಮಗೆಲ್ಲ ತಲುಪಿರಬೇಕು. ಅದರ 7ನೇ ವಿಷಯವನ್ನು ಎಷ್ಟು ಮಂದಿ ಗಮನಿಸಿದ್ದೀರೋ ಕಾಣೆ. ನಿವ್ವಳ ಲಾಭದ ವಿಲೇವಾರಿ, ಲೆಕ್ಕಪರಿಶೋಧಕರ ನೇಮಕ ಇವುಗಳ ಕೆಳಗೆ 'ಸಂಘದ ಎಲ್ಲ ವಿಭಾಗಗಳಿಗೂ ಹೊಸ ಸಾಫ್ಟ್‌ವೇರು ಅಳವಡಿಸುವ ಬಗ್ಗೆ' ಎಂದು ಒಂದೇ ಸಾಲು ಇದೆ. ಸರಿಯಾಗಿ ಊಟದ ಹೊತ್ತಿಗೆ ಬರುವ ವಿಷಯ. ಹಸಿದವರು ಕೈಯೆತ್ತಿ ಒಪ್ಪಿಗೆ ಕೊಟ್ಟು ಎಲೆಗೆ ಕೂರುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಖರ್ಚು ಸಣ್ಣದಲ್ಲ. ಅದು ಹೋಗಬೇಕಾದದ್ದು ನಮ್ಮ ಲಾಭಾಂಶದಿಂದಲೇ. ಆದ್ದರಿಂದ ಸಭೆಗೆ ಮೊದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರಿನ ವಿರೋಧಿ ಎಂದು ದಯವಿಟ್ಟು ಯಾರೂ ಭಾವಿಸಬಾರದು. ಬೆಳಗ್ಗೆ ಎದ್ದು ಮೊಮ್ಮಗನ ಫೋನಿನಲ್ಲಿ ಕಾಫಿ ಧಾರಣೆ ನೋಡಿದ ಮೇಲೆಯೇ ಕಾಫಿ ಕುಡಿಯುವವನು ನಾನು. ನನ್ನ ತಕರಾರು ಬೇರೆ.

ಹಿಂದೊಮ್ಮೆ ನಮ್ಮ ಸಂಘ ಇದೇ ಹಾದಿ ಹಿಡಿದದ್ದು ಹಳಬರಿಗೆ ನೆನಪಿರಬಹುದು. ಆಗ ಅಡಿಕೆ ಟೆಂಡರಾಗಿ ಹನ್ನೆರಡು ದಿನಕ್ಕೆ ಸದಸ್ಯನ ಕೈಗೆ ಹಣ ಬರುತ್ತಿತ್ತು. ಕಂಪ್ಯೂಟರು ಬಂದರೆ ಮೂರನೇ ದಿನಕ್ಕೆ ಬರುತ್ತದೆ ಎಂದರು. ಮಾರಲು ಬಂದವರು ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ತೋರಿಸಿದರು. ನಾನು ಆಗ ಆಡಳಿತ ಮಂಡಳಿಯಲ್ಲಿದ್ದೆ. ಠರಾವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಯಂತ್ರ ಬಂತು, ಪೂಜೆಯಾಯಿತು, ಸಿಹಿ ಹಂಚಿದ್ದಾಯಿತು. ಒಂದು ವರ್ಷ ಕಳೆಯಿತು. ಹಣ ಹನ್ನೆರಡನೇ ದಿನಕ್ಕೇ ಬರುತ್ತಿತ್ತು.

ಯಾಕೆ ಎಂದು ನೋಡೋಣವೆಂದು ನನ್ನದೇ ಒಂದು ಬಿಲ್ಲಿನ ಬೆನ್ನು ಹಿಡಿದೆ. ಕಂಪ್ಯೂಟರು ಆ ಬಿಲ್ಲನ್ನು ಒಂದೇ ನಿಮಿಷದಲ್ಲಿ ಮಾಡಿ ಕೊಟ್ಟಿತು, ಸುಳ್ಳಲ್ಲ. ಆದರೆ ಗೋದಾಮಿನ ತೂಕದ ಚೀಟಿ ಕೈಬರಹದಲ್ಲಿದ್ದು ಮರುದಿನ ಮಧ್ಯಾಹ್ನ ಕಚೇರಿಗೆ ಬಂದಿತ್ತು. ಬಿಲ್ಲಾದ ಮೇಲೆ ಟೆಂಡರು ರಿಜಿಸ್ಟರಿಗೆ ತಾಳೆ ನೋಡಲು ಮತ್ತೊಂದು ದಿನ. ಸದಸ್ಯನ ಸಾಲದ ಬಾಕಿ ಮುರಿಯಬೇಕು. ಸಾಲದ ಖಾತೆ ಇನ್ನೊಬ್ಬ ಗುಮಾಸ್ತರ ಕಪಾಟಿನಲ್ಲಿ, ಅವರು ರಜೆಯಲ್ಲಿ. ಕೊನೆಗೆ ಚೆಕ್ಕಿಗೆ ಅಧ್ಯಕ್ಷರ ಸಹಿ. ಅಧ್ಯಕ್ಷರು ಕಚೇರಿಗೆ ಬರುವುದು ಮಂಗಳವಾರ ಮಾತ್ರ. ಆ ಮಂಗಳವಾರ ಅವರು ಮದುವೆಗೆ ಹೋಗಿದ್ದರು. ಹನ್ನೆರಡು ದಿನದಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಹಿಂದೆಯೂ ಹಿಡಿಯುತ್ತಿದ್ದುದು ಅರ್ಧ ಗಂಟೆ. ನಾವು ಆ ಅರ್ಧ ಗಂಟೆಯನ್ನು ಉಳಿಸಲು ಹಣ ಸುರಿದಿದ್ದೆವು; ಉಳಿದ ಹೆಚ್ಚುಕಡಿಮೆ ಹನ್ನೆರಡು ದಿನವನ್ನು ಮುಟ್ಟಿರಲೇ ಇಲ್ಲ.

ಇನ್ನೊಂದು ಸಂಗತಿ. ಆ ಸಾಫ್ಟ್‌ವೇರನ್ನು ಮೂಲತಃ ಯಾವುದೋ ಸಗಟು ಅಂಗಡಿಗೆ ಮಾಡಿದ್ದರಂತೆ. ಅದರಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ವಿಂಗಡಣೆಗೆ ಜಾಗವಿರಲಿಲ್ಲ. ಕಾಫಿ ಚೆರಿಯ ತೇವಾಂಶಕ್ಕೆ ಮುರಿಯುವ ಲೆಕ್ಕವೂ ಇರಲಿಲ್ಲ. ಗುಮಾಸ್ತರು ಪಾಪ, ಎಲ್ಲವನ್ನೂ 'ಇತರೆ' ಎಂಬ ಮನೆಯಲ್ಲಿ ತುಂಬಿ, ನಿಜವಾದ ವಿವರವನ್ನು ಷರಾದಲ್ಲಿ ಬರೆಯುತ್ತಿದ್ದರು. ವರ್ಷದ ಕೊನೆಗೆ ಯಾವ ಜಾತಿಯ ಅಡಿಕೆ ಎಷ್ಟು ಬಂತು ಎಂದು ಕೇಳಿದರೆ ಕಂಪ್ಯೂಟರು 'ಇತರೆ' ಎಂದು ಉತ್ತರ ಕೊಟ್ಟಿತು. ಹಗಲು ದಿನವಹಿ ಪುಸ್ತಕ ಬರೆದು, ಸಂಜೆ ಅದನ್ನೇ ಮತ್ತೆ ಯಂತ್ರಕ್ಕೆ ತುಂಬುವ ಎರಡು ಪಟ್ಟು ಕೆಲಸ ನಮ್ಮ ನೌಕರರ ಪಾಲಿಗೆ ಬಂದದ್ದೊಂದೇ ಆ ವರ್ಷದ ಹೆಚ್ಚುವರಿ ಉತ್ಪನ್ನ.

ಇದು ನಮ್ಮೊಬ್ಬರ ದಡ್ಡತನ ಎಂದೇ ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವೆಂದು ಕಣ್ಣು ತೆರೆದದ್ದು ನಮ್ಮ ಕಾಫಿ ಅಡಿಕೆಯ ಸೀಮೆಯಲ್ಲಲ್ಲ, ಯಲಬುರ್ಗಾ ತಾಲ್ಲೂಕಿನಲ್ಲಿ.

ನನ್ನ ಮಗಳನ್ನು ಆ ಕಡೆ ಕೊಟ್ಟಿದ್ದೇನೆ. ಗದಗ ದಾಟಿ ಕುಕನೂರಿನ ದಾರಿ ಹಿಡಿದರೆ ನಮ್ಮ ಕಣ್ಣಿಗೆ ಅದು ಬೇರೆಯೇ ಲೋಕ. ಕಣ್ಣು ಹಾಯುವಷ್ಟು ದೂರ ಎರೆಭೂಮಿ, ಮರದ ನೆರಳು ಹುಡುಕಬೇಕು. ನಮ್ಮ ತೋಟಗಳ ಮಗ್ಗುಲಲ್ಲಿ ಹರಿದು ಹೋಗುವ ತುಂಗೆ ಭದ್ರೆಯರು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿ ಅಣೆಕಟ್ಟಿಗೆ ಸಿಕ್ಕಿ, ಎಡದಂಡೆ ಕಾಲುವೆಯಾಗಿ ಗಂಗಾವತಿಗೆ ಹೋಗುತ್ತಾರೆ. ಗಂಗಾವತಿ ಭತ್ತದ ಕಣಜವಾದದ್ದು ಆ ನೀರಿನಿಂದ. ಕುಷ್ಟಗಿ, ಯಲಬುರ್ಗಾಗಳಲ್ಲಿ ಬಹುಪಾಲು ಮಳೆಯನ್ನೇ ನಂಬಿದ ಬೇಸಾಯ: ಮೆಕ್ಕೆಜೋಳ, ಸಜ್ಜೆ, ಶೇಂಗಾ, ಹೆಸರು, ತೊಗರಿ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಈ ನಾಲ್ಕೇ ತಾಲ್ಲೂಕುಗಳಿದ್ದವು. ಕುಕನೂರು, ಕಾರಟಗಿ, ಕನಕಗಿರಿಗಳು ಆಮೇಲೆ ತಾಲ್ಲೂಕಾದವು.

2018ರ ಶ್ರಾವಣದಲ್ಲಿ ಹೋದಾಗ ಬೀಗರು ಹೆಸರು ಮಾರಲು ಹೊರಟಿದ್ದರು. ನಾನೂ ಜೊತೆಗೆ ಹೋದೆ. ಆ ಹೊತ್ತಿಗೆ ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಆನ್‌ಲೈನ್ ವ್ಯವಸ್ಥೆ ಬಂದು ನಾಲ್ಕು ವರ್ಷವಾಗಿತ್ತು. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಈ ವ್ಯವಸ್ಥೆ ದೇಶಕ್ಕೇ ಮಾದರಿ ಎನಿಸಿತ್ತು. ಕೇಂದ್ರದ ಇ-ನಾಮ್ ಬಂದದ್ದು 2016ರಲ್ಲಿ. ಗೇಟಿನಲ್ಲಿ ಮಾಲಿಗೆ ಲಾಟ್ ನಂಬರು ಕೊಡುತ್ತಾರೆ. ಖರೀದಿದಾರರು ಚೀಟಿಯ ಬದಲು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಎಲ್ಲೋ ದೂರದ ಊರಿನ ವ್ಯಾಪಾರಿಯೂ ಕೂತಲ್ಲಿಂದಲೇ ದರ ಹಾಕಬಹುದು, ಪೈಪೋಟಿ ಹೆಚ್ಚಿ ರೈತನಿಗೆ ಒಳ್ಳೆಯ ಬೆಲೆ ಸಿಗಬಹುದು ಎಂಬುದು ಮೂಲ ಉದ್ದೇಶ.

ಅಂದು ಬೀಗರ ಹೆಸರಿನ ರಾಶಿಯ ಮುಂದೆ ಮೂರ್ನಾಲ್ಕು ಮಂದಿ ಬಂದರು. ಕಾಳನ್ನು ಬೊಗಸೆಯಲ್ಲಿ ತೆಗೆದು, ಊದಿ, ಹಲ್ಲಿನಲ್ಲಿ ಕಡಿದು ನೋಡಿದರು. ಹೋಗಿ ಮೊಬೈಲಿನಲ್ಲಿ ದರ ಒತ್ತಿದರು. ಎಷ್ಟು ಊರಿನ ವ್ಯಾಪಾರಿಗಳು ದರ ಹಾಕಿದ್ದಾರೆ ಎಂದು ನಾನು ಕುತೂಹಲದಿಂದ ಕೇಳಿದೆ. ಬೀಗರು ನಕ್ಕುಬಿಟ್ಟರು.

"ನೋಡ್ರಿ ಬೀಗರ, ಮೊದಲ ಚೀಟ್ಯಾಗ ಬರೀತಿದ್ರು, ಈಗ ಮೊಬೈಲ್‌ನ್ಯಾಗ ಬರೀತಾರ. ಬರಿಯೋರು ಅವ್ರ ಅದಾರ. ಮಾಲು ಕೈಯಾಗ ಹಿಡದು ನೋಡದ ಯಾರ್ ರೊಕ್ಕ ಕೊಡ್ತಾರ್ರೀ?"

ಮತ್ತೂ ಒಂದು ಮಾತು ಹೇಳಿದರು. ಬಿತ್ತನೆಯ ಕಾಲಕ್ಕೆ ದಲಾಲಿ ಅಂಗಡಿಯಿಂದ ಕೈಗಡ ತಂದವನು ಆ ಅಂಗಡಿಯ ಮುಂದೆಯೇ ಮಾಲು ಸುರುವಬೇಕು. ದರ ಸರಿಬೀಳದಿದ್ದರೆ ಬೇಡವೆನ್ನುವ ಹಕ್ಕು ಕಂಪ್ಯೂಟರಿನಲ್ಲಿದೆ, ಬಾಯಲ್ಲಿಲ್ಲ. ಅಂದಿನ ವ್ಯವಹಾರದಲ್ಲಿ ಅವರಿಗೆ ನಷ್ಟವಾಗಲಿಲ್ಲ, ಆದರೆ ಹಳೆಯ ದರಕ್ಕಿಂತ ಹೆಚ್ಚೇನೂ ಸಿಗಲಿಲ್ಲ.

ಒಬ್ಬ ರೈತನ ಒಂದು ದಿನದ ಅನುಭವದ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. 2020ರಲ್ಲಿ ಇದೇ ವೇದಿಕೆಯ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಮಾಡಿದವರು ಅಮೆರಿಕದ ಎಂ.ಐ.ಟಿ.ಯ ವಿದ್ವಾಂಸರು, ವೇದಿಕೆಯನ್ನು ನಡೆಸುತ್ತಿದ್ದ ಸಂಸ್ಥೆಯ ಮುಖ್ಯಸ್ಥರೂ ಅವರ ಜೊತೆಗಿದ್ದರು. 2019ರ ನವೆಂಬರ್‌ವರೆಗೆ ವೇದಿಕೆಯ ಮೇಲೆ 6 ಕೋಟಿ 28 ಲಕ್ಷ ಟನ್ ಮಾಲು ಮಾರಾಟವಾಗಿತ್ತು. ಇಷ್ಟು ದೊಡ್ಡ ರಾಶಿಯ ಲೆಕ್ಕ ತೆಗೆದು ಅವರು ಕಂಡದ್ದು ಇದು: ಭತ್ತದ ಧಾರಣೆ ವೇದಿಕೆಯ ಕಾರಣದಿಂದ ಶೇಕಡ 5.1ರಷ್ಟು, ಶೇಂಗಾ 3.6ರಷ್ಟು, ಮೆಕ್ಕೆಜೋಳ 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿ ಈ ಮೂರರಲ್ಲಿ ಗಣನೀಯವಾದ ಏರಿಕೆ ಏನೂ ಕಂಡಿರಲಿಲ್ಲ. ತಮ್ಮದೇ ಸಂಸ್ಥೆಯ ವ್ಯವಸ್ಥೆ ಮೂರು ಬೆಳೆಗಳಿಗೆ ಫಲ ಕೊಡಲಿಲ್ಲವೆಂದು ಬರೆದು ಪ್ರಕಟಿಸುವ ಪ್ರಾಮಾಣಿಕತೆ ನಮ್ಮ ವಾರ್ಷಿಕ ವರದಿಗಳಿಗೂ ಬರಲಿ ಎಂದು ಹೇಳದೆ ಇರಲಾರೆ.

ಶೇಕಡ ಐದು ಎಂದರೆ ಅದೇನು ಮಹಾ ಎನ್ನಬೇಡಿ. ನೂರು ರೂಪಾಯಿಯ ಮಾಲು ಬೆಳೆಯಲು ತೊಂಬತ್ತೈದು ರೂಪಾಯಿ ಖರ್ಚಾದವನಿಗೆ ಉಳಿಯುವುದು ಐದು. ಧಾರಣೆ ಐದು ಏರಿದರೆ ಉಳಿತಾಯ ಹತ್ತಾಯಿತು, ಅಂದರೆ ದುಪ್ಪಟ್ಟು. ಸಣ್ಣ ರೈತನ ಲಾಭದ ಲೆಕ್ಕದಲ್ಲಿ ಈ ಏರಿಕೆ ಶೇಕಡ 36ರಿಂದ 159ರವರೆಗೂ ಆಗುತ್ತದೆ ಎಂದು ಅದೇ ಅಧ್ಯಯನ ಹೇಳುತ್ತದೆ. ಆದ್ದರಿಂದ ಸಾಫ್ಟ್‌ವೇರು ಎಲ್ಲ ಬೂಟಾಟಿಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇಡೀ ರಾಜ್ಯದ ಈ ಲೆಕ್ಕವನ್ನು ಕೊಪ್ಪಳ ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡಿ. ಗಂಗಾವತಿಯವನ ಭತ್ತ ಲಾಭದ ಪಟ್ಟಿಯಲ್ಲಿದೆ. ಕುಷ್ಟಗಿಯವನ ಮೆಕ್ಕೆಜೋಳವೂ ಇದೆ. ಯಲಬುರ್ಗಾದ ಒಬ್ಬನೇ ರೈತನ ಒಂದು ಹೊಲದ ಶೇಂಗಾ ಆ ಪಟ್ಟಿಯಲ್ಲಿದೆ, ಪಕ್ಕದ ಹೊಲದ ಹೆಸರು ಇಲ್ಲ. ವ್ಯವಸ್ಥೆ ಒಂದೇ, ಸರ್ಕಾರ ಒಂದೇ, ಹಾಕಿದ ಹಣವೂ ಒಂದೇ. ಹಾಗಾದರೆ ಫಲ ಬೇರೆ ಬೇರೆ ಏಕೆ?

ಅಧ್ಯಯನ ಮಾಡಿದವರು ಸಾಗಾಣಿಕೆಯ ತೊಡಕು, ದರ ಹಾಕುವ ವಿಧಾನ, ಒಂದೊಂದು ಮಾರುಕಟ್ಟೆಯಲ್ಲಿ ಕೆಲವೇ ವ್ಯಾಪಾರಿಗಳ ಹಿಡಿತ ಮುಂತಾದ ಕಾರಣಗಳನ್ನು ಎತ್ತಿದ್ದಾರೆ. ಬೀಗರ ಮಾತನ್ನು ಅದಕ್ಕೆ ಸೇರಿಸಿ ನಾನು ತಿಳಿದುಕೊಂಡದ್ದು ಹೀಗೆ. ದೂರದ ವ್ಯಾಪಾರಿ ಕೂತಲ್ಲಿಂದ ದರ ಹಾಕಬೇಕಾದರೆ ಮಾಲಿನ ಗುಣ ಅವನಿಗೆ ಕಾಗದದ ಮೇಲೆ ಗೊತ್ತಾಗಬೇಕು. ಮೆಕ್ಕೆಜೋಳದಲ್ಲಿ ಅದು ಅಷ್ಟು ಕಷ್ಟವಲ್ಲ. ತೇವಾಂಶ ಇಷ್ಟು, ಕಸ ಇಷ್ಟು ಎಂದರೆ ಮುಗಿಯಿತು. ಹೆಸರಿಗೆ ಮಳೆ ತಾಗಿ ಬಣ್ಣ ಕೆಟ್ಟಿದೆಯೇ, ಹುಳು ಹಿಡಿದಿದೆಯೇ, ಕಾಳು ಜೊಳ್ಳೇ ಎಂಬುದು ರಾಶಿಯಿಂದ ರಾಶಿಗೆ ಬದಲಾಗುತ್ತದೆ. ನೋಡಿ, ಮಾದರಿ ತೆಗೆದು, ದರ್ಜೆ ಬರೆದು, ಆ ಬರಹಕ್ಕೆ ಜವಾಬ್ದಾರನಾಗುವ ಒಬ್ಬ ಮನುಷ್ಯ ಕಟ್ಟೆಯ ಮೇಲೆ ಇಲ್ಲದಿದ್ದರೆ ದೂರದವನ ಕಂಪ್ಯೂಟರು ಇದ್ದೂ ಇಲ್ಲದಂತೆ. ಸ್ಥಳೀಯರು ನಾಲ್ವರೇ ಉಳಿಯುತ್ತಾರೆ. ನಾಲ್ವರಿಗೆ ಚೀಟಿಯಾದರೇನು, ಮೊಬೈಲಾದರೇನು?

ಈ ಕಥೆಗೆ ಮುಂದಿನ ಭಾಗವೂ ಇದೆ, ಮತ್ತು ನನಗೆ ಹೆಚ್ಚು ಬುದ್ಧಿ ಕಲಿಸಿದ್ದು ಅದೇ. 2019ರ ಫೆಬ್ರವರಿಯಲ್ಲಿ ಅದೇ ವಿದ್ವಾಂಸರು ಸರ್ಕಾರದ ಜೊತೆ ಸೇರಿ ಕರ್ನಾಟಕದ ಒಂದು ದೊಡ್ಡ ಬೇಳೆಕಾಳಿನ ಮಾರುಕಟ್ಟೆಯಲ್ಲಿ ಸಣ್ಣ ಬದಲಾವಣೆ ಮಾಡಿದರು. ಹೊಸ ಯಂತ್ರ ತರಲಿಲ್ಲ. ಮೊದಲಿನಂತೆಯೇ ಎಲ್ಲರೂ ಒಮ್ಮೆ ಗುಟ್ಟಾಗಿ ದರ ಹಾಕುವುದು. ಆಮೇಲೆ ಹೆಚ್ಚಿನ ದರ ಹಾಕಿದ ಕೆಲವರಿಗೆ ಮಾತ್ರ ಎರಡನೇ ಸುತ್ತಿನಲ್ಲಿ ತಮ್ಮ ದರ ಏರಿಸುವ ಅವಕಾಶ ಕೊಡುವುದು. ಇಷ್ಟೇ. ಎರಡನೇ ಸುತ್ತಿಗೆ ಬರಬೇಕಾದರೆ ಮೊದಲ ಸುತ್ತಿನಲ್ಲೇ ಕೈ ಬಿಚ್ಚಬೇಕಲ್ಲವೇ? ಧಾರಣೆ ಶೇಕಡ 4.7 ಏರಿತು; ಅಲ್ಲಿ ಮಾಲು ತಂದ ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಅದರ ಪ್ರಯೋಜನ ಮುಟ್ಟಿತು. ಬದಲಾದದ್ದು ಹರಾಜಿನ ಪದ್ಧತಿ, ಕಂಪ್ಯೂಟರಲ್ಲ. ಐದು ವರ್ಷ ಹಿಂದೆಯೇ ಹಾಕಿದ ಹಣ ಕೆಲಸದ ರೀತಿ ಬದಲಾದ ದಿನ ಫಲ ಕೊಟ್ಟಿತು.

ನಮ್ಮ ಪಹಣಿಯ ಕಥೆಯೂ ಇಂಥದ್ದೇ. 1990ರ ದಶಕದಲ್ಲಿಯೇ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯತ್ನ ನಡೆದಿತ್ತು. ಏರಿಸಿದರು ಸರಿ, ಆದರೆ ಖಾತೆ ಬದಲಾವಣೆಗಳೆಲ್ಲ ಎಂದಿನಂತೆ ಗ್ರಾಮಲೆಕ್ಕಿಗರ ಪುಸ್ತಕದಲ್ಲೇ ನಡೆಯುತ್ತಿದ್ದವು. ಯಂತ್ರದೊಳಗಿನ ದಾಖಲೆ ಒಂದೆರಡು ವರ್ಷದಲ್ಲಿ ಸತ್ತವರ ಹೆಸರಿನ ಪಟ್ಟಿಯಂತಾಯಿತು. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದಾಗ ಒಂದು ಗಟ್ಟಿ ನಿರ್ಧಾರ ಮಾಡಿದರು: ಯಾವ ತಾಲ್ಲೂಕಿನಲ್ಲಿ ಕಂಪ್ಯೂಟರು ಪಹಣಿ ಆರಂಭವಾಯಿತೋ ಅಲ್ಲಿ ಅಂದಿನಿಂದ ಕೈಬರಹದ ಪಹಣಿಗೆ ಬೆಲೆಯಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಹೀಗೆ ಯಂತ್ರಕ್ಕೆ ಬಂದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುವಂತಾಯಿತು. ಅದರಲ್ಲಿ ತಪ್ಪಿಲ್ಲವೆಂದಲ್ಲ. ಹೆಸರಿನ ಒಂದಕ್ಷರ ತಿದ್ದಿಸಲು ಅಲೆದವರು ನಮ್ಮಲ್ಲೇ ಇದ್ದಾರೆ. ಆದರೂ ಹಳೆಯ ಪುಸ್ತಕ ಮುಚ್ಚಿದ್ದರಿಂದ ಅದು ಉಳಿಯಿತು. ನಮ್ಮ ಸಂಘದಲ್ಲಿ ನಾವು ಮುಚ್ಚಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟೆವು.

ಹೊರದೇಶದ ಕಂಪನಿಗಳು ನಮಗಿಂತ ಜಾಣರು ಎಂದು ತಿಳಿಯುವವರಿಗಾಗಿ ಇನ್ನೊಂದು ಉದಾಹರಣೆ. ಅಡಿಕೆಯ ನಡುವೆ ಕೋಕೋ ಹಾಕಿದವರಿಗೆ ಅಮೆರಿಕದ ಹರ್ಷೀಸ್ ಚಾಕಲೇಟಿನ ಹೆಸರು ಗೊತ್ತಿರಬಹುದು. ಆ ಕಂಪನಿ 11 ಕೋಟಿ 20 ಲಕ್ಷ ಡಾಲರು ಸುರಿದು ತನ್ನ ಇಡೀ ವ್ಯವಹಾರಕ್ಕೆ ಹೊಸ ಸಾಫ್ಟ್‌ವೇರು ಹಾಕಿಸಿತು. 48 ತಿಂಗಳ ಕೆಲಸವನ್ನು 30 ತಿಂಗಳಲ್ಲಿ ಮುಗಿಸುವ ಅವಸರ. ಚಾಲೂ ಮಾಡಿದ್ದು 1999ರ ಜುಲೈಯಲ್ಲಿ. ಅಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಎಂಬ ಹಬ್ಬ. ಮಕ್ಕಳಿಗೆಲ್ಲ ಮಿಠಾಯಿ ಹಂಚುವ ಕಾಲ, ಅವರ ವ್ಯಾಪಾರದ ಸುಗ್ಗಿ. ಗೋದಾಮಿನಲ್ಲಿ ಮಾಲು ಇತ್ತು, ಅಂಗಡಿಗಳಿಂದ ಬೇಡಿಕೆ ಇತ್ತು, ಎರಡನ್ನೂ ಕೂಡಿಸಬೇಕಾದ ಕಂಪ್ಯೂಟರಿಗೆ ಮಾಲು ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ. ಸುಗ್ಗಿಯ ಕಾಲದಲ್ಲಿ ಜಾಗ ಸಾಲದೆ ಅಲ್ಲಿ ಇಲ್ಲಿ ಮಾಲು ಒಟ್ಟುವುದು ಅಲ್ಲಿನ ನೌಕರರ ರೂಢಿ. ಆ ಜಾಗಗಳನ್ನು ಯಾರೂ ಯಂತ್ರಕ್ಕೆ ಹೇಳಿರಲಿಲ್ಲವಂತೆ. ಸುಮಾರು 10 ಕೋಟಿ ಡಾಲರಿನ ಬೇಡಿಕೆ ಪೂರೈಸಲಾಗದೆ ಹೋಯಿತು, ಆ ಮೂರು ತಿಂಗಳ ಲಾಭ ಶೇಕಡ 19 ಇಳಿಯಿತು.

ಇದನ್ನು ಓದಿದಾಗ ನನಗೆ ನಮ್ಮ ಗೋದಾಮು ನೆನಪಾಯಿತು. ಜನವರಿಯಲ್ಲಿ ಒಳಗೆ ಜಾಗವಿಲ್ಲದೆ ಜಗಲಿಯಲ್ಲಿ, ಪಕ್ಕದ ಗೊಬ್ಬರದ ಕೋಣೆಯಲ್ಲಿ ಚೀಲ ಒಟ್ಟುವುದಿಲ್ಲವೇ? ಯಾರ ಚೀಲ ಎಲ್ಲಿದೆ ಎಂಬುದು ನಮ್ಮ ಗೋದಾಮಿನ ಮೇಸ್ತ್ರಿಯ ತಲೆಯಲ್ಲಿದೆ, ಪುಸ್ತಕದಲ್ಲಿಲ್ಲ. ಇಂಥ ಮನುಷ್ಯನನ್ನು ಕೂರಿಸಿಕೊಂಡು ಕೇಳದೆ ಯಾವ ಸಾಫ್ಟ್‌ವೇರು ಮಾಡಿದರೂ ಅದು ಜಗಲಿಯ ಚೀಲವನ್ನು ಕಾಣದು. ಈ ಬಾರಿ ವಿವರಣೆ ಕೊಡಲು ಬಂದವರು ಆಡಳಿತ ಮಂಡಳಿಯೊಂದಿಗೆ ಎರಡು ಸಲ ಕುಳಿತಿದ್ದಾರೆ, ಮೇಸ್ತ್ರಿಯೊಂದಿಗೆ ಒಂದು ಸಲವೂ ಕುಳಿತಿಲ್ಲ. ನಾನು ವಿಚಾರಿಸಿ ಹೇಳುತ್ತಿದ್ದೇನೆ.

ಈಗ ನಮ್ಮ ಬೆಳೆಗಳ ವಿಷಯ. ಕಾಫಿ ಈ ವಿಚಾರದಲ್ಲಿ ಗಂಗಾವತಿಯ ಭತ್ತದ ಸಾಲಿಗೆ ಸೇರುತ್ತದೆ ಎಂದು ನನ್ನ ಅಭಿಪ್ರಾಯ. 1996ರಲ್ಲಿ ಪೂಲ್ ವ್ಯವಸ್ಥೆ ಮುಗಿಯುವವರೆಗೂ ಕಾಫಿ ಮಂಡಳಿಗೆ ಮಾಲು ಹಾಕಿದವರಿಗೆ ತಿಳಿದಿದೆ: ಕ್ಯೂರಿಂಗ್ ವರ್ಕ್ಸಿನಲ್ಲಿ ಹದವಾಗಿ, ದರ್ಜೆ ಬಿದ್ದು, ಅಂಕ ನಿಗದಿಯಾಗಿ ಆಮೇಲೆ ಹಣ. ಹಣ ಕಂತು ಕಂತಾಗಿ ಬಂದು ನಮ್ಮ ಜೀವ ಹಿಂಡಿದ್ದು ನಿಜ. ಆದರೆ ಎ, ಬಿ, ಪಿ.ಬಿ. ಎಂಬ ದರ್ಜೆ, ಔಟ್‌ಟರ್ನ್ ಎಂಬ ಲೆಕ್ಕ ನಮಗೆಲ್ಲ ಉಸಿರಿನಂತೆ ರೂಢಿಯಾದವು. ತೋಟವನ್ನೇ ನೋಡದವನು ಮಾದರಿ ನೋಡಿ ಕಾಫಿಗೆ ದರ ಹೇಳಬಲ್ಲ. ಅಂಥ ಬೆಳೆಗೆ ಕಂಪ್ಯೂಟರು ನಿಜವಾಗಿಯೂ ದೂರದ ಖರೀದಿದಾರನನ್ನು ತಂದುಕೊಡಬಹುದು. ಸಂಘದಲ್ಲಿ ಒಂದು ಒಳ್ಳೆಯ ತೇವಾಂಶದ ಮೀಟರು, ಔಟ್‌ಟರ್ನ್ ತೆಗೆಯುವ ಸಣ್ಣ ಹಲ್ಲರು, ಎರಡನ್ನೂ ಬಳಸಬಲ್ಲ ತರಬೇತಾದ ಒಬ್ಬ ಹುಡುಗ ಇರಬೇಕು, ಅಷ್ಟೇ.

ಅಡಿಕೆ ಹೆಸರಿನ ಕಾಳಿನ ಸಾಲಿಗೆ ಹತ್ತಿರ. ರಾಶಿ ಎಂದು ಬರೆದ ಚೀಲದಲ್ಲಿ ಏನಿದೆ ಎಂಬುದು ಚೀಲ ಬಿಚ್ಚಿದ ಮೇಲೆಯೇ ಸತ್ಯ. ಬಣ್ಣ, ಒಣಗಿದ ಹದ, ಬೇಯಿಸಿದ ಹದ, ಬೆರಕೆ. ಇವನ್ನೆಲ್ಲ ಖರೀದಿದಾರ ಕೈಯಾಡಿಸಿಯೇ ನೋಡಬೇಕು. 1939ರಲ್ಲಿ ಹುಟ್ಟಿದ ಮಾಮ್‌ಕೋಸ್, 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಬೆಳೆಗಾರನಿಗೆ ನೆರವಾದದ್ದು ಮಾಲಿನ ಎದುರು ನಿಂತು ದರ್ಜೆ ಹೇಳಬಲ್ಲ, ಜನ ನಂಬುವ ಮನುಷ್ಯರನ್ನು ಬೆಳೆಸಿದ್ದರಿಂದ. ಆದ್ದರಿಂದ ಅಡಿಕೆಯ ಆನ್‌ಲೈನ್ ಟೆಂಡರಿಗೆ ಹಣ ಹಾಕುವ ಮೊದಲು ದರ್ಜೆ ಹೇಳುವ ಇಬ್ಬರನ್ನು ನೇಮಿಸಿ ಎಂಬುದು ನನ್ನ ಬೇಡಿಕೆ. ಅವರ ಒಂದು ವರ್ಷದ ಸಂಬಳ ಸಾಫ್ಟ್‌ವೇರಿನ ಬೆಲೆಯ ಮುಂದೆ ಹೆಚ್ಚೇನಲ್ಲ.

ಕೆಲವರು ಕೇಳಬಹುದು: ಸರ್ಕಾರವೇ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರು ಕೊಡುತ್ತಿದೆಯಲ್ಲ, ನಾವೇಕೆ ಹಿಂದೆ ಉಳಿಯಬೇಕು? 2022ರ ಜೂನ್ 29ರಂದು ಕೇಂದ್ರ ಸಂಪುಟ 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಂತರ ಎರಡೂ ಅಂಕಿ ಏರಿದವು. ಎಲ್ಲ ಸಂಘಗಳಿಗೂ ಒಂದೇ ಸಾಫ್ಟ್‌ವೇರು, ನಬಾರ್ಡಿನ ಉಸ್ತುವಾರಿ. ಉದ್ದೇಶ ಒಳ್ಳೆಯದೇ. ಮೊನ್ನೆ ಬೀಗರ ಊರಿನ ಕಡೆ ಹೋದಾಗ ಅಲ್ಲಿನ ಒಂದು ಸಂಘದ ಕಾರ್ಯದರ್ಶಿಯವರನ್ನು ಕಂಡೆ. ಯಂತ್ರ ಕಲಿಯುವುದು ಕಷ್ಟವಾಯಿತೇ ಎಂದು ಕೇಳಿದೆ. "ಯಂತ್ರದ್ದೇನೂ ತ್ರಾಸಿಲ್ಲ ಸರ, ಹಳೇ ಬಾಕಿದ್ದ ತ್ರಾಸು" ಎಂದರು. ಸದಸ್ಯರ ಖಾತೆಗಳ ಮೊತ್ತಕ್ಕೂ ಅಡಾವೆ ಪತ್ರಿಕೆಯ ಮೊತ್ತಕ್ಕೂ ಎಷ್ಟೋ ವರ್ಷದಿಂದ ತಾಳೆಯಿರಲಿಲ್ಲ. ಪುಸ್ತಕ ಅದನ್ನು ಸಹಿಸಿಕೊಂಡಿತ್ತು, ಕಂಪ್ಯೂಟರು ಸಹಿಸುವುದಿಲ್ಲ. ತಾಳೆ ಹುಡುಕುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತಂತೆ. ಅಲ್ಲಿಯವರೆಗೂ ಎರಡೂ ಕಡೆ ಬರಹ. ಅವರ ಸಂಘದಲ್ಲಿ ನೌಕರರು ಇಬ್ಬರೇ.

ನಮ್ಮ ಸಂಘದ ಅಡವು ಸಾಲದ ಖಾತೆಗಳು ತಾಳೆಯಾಗಿವೆಯೇ? ಕಳೆದ ಎರಡು ವರ್ಷದ ಲೆಕ್ಕಪರಿಶೋಧನಾ ವರದಿಯ ಆಕ್ಷೇಪಣೆಗಳನ್ನು ಓದಿದವರು ಉತ್ತರ ಬಲ್ಲರು.

ಸಾಫ್ಟ್‌ವೇರಿಗೆ ಪ್ರತಿ ವರ್ಷ ಕೊಡಬೇಕಾದ ನಿರ್ವಹಣಾ ಶುಲ್ಕ ಟಿಪ್ಪಣಿಯಲ್ಲಿ ಕಾಣಿಸಿಲ್ಲ; ಅದನ್ನು ಕಾರ್ಯದರ್ಶಿಯವರು ಸಭೆಯಲ್ಲಿ ಓದಿ ಹೇಳಲಿ. ಕಂಪನಿ ಬಾಗಿಲು ಹಾಕಿದರೆ ನಮ್ಮ ಲೆಕ್ಕ ನಮ್ಮ ಕೈಗೆ ಬರುತ್ತದೆಯೇ ಎಂಬುದನ್ನೂ ಕರಾರಿನಲ್ಲಿ ಬರೆಸಲಿ.

ಆದ್ದರಿಂದ 7ನೇ ವಿಷಯಕ್ಕೆ ನಾನೊಂದು ತಿದ್ದುಪಡಿ ಮಂಡಿಸಲಿದ್ದೇನೆ. ಈ ಮಳೆಗಾಲದಲ್ಲಿ ಖಾತೆಗಳ ತಾಳೆ ಮುಗಿಸುವುದು. ಟೆಂಡರಿನಿಂದ ಹಣ ಪಾವತಿಯವರೆಗೆ ಒಂದು ಬಿಲ್ಲು ಯಾರ ಯಾರ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ ಎಂದು ಮೂರು ತಿಂಗಳು ಬರೆದಿಡುವುದು. ಚೆಕ್ಕಿಗೆ ಸಹಿ ಹಾಕುವ ಅಧಿಕಾರವನ್ನು ಒಂದು ಮಿತಿಯವರೆಗೆ ಕಾರ್ಯದರ್ಶಿಗೂ ಒಬ್ಬ ನಿರ್ದೇಶಕರಿಗೂ ಕೊಟ್ಟು, ಮಂಗಳವಾರದ ಕಾಯುವಿಕೆ ತಪ್ಪಿಸುವುದು. ಇದಕ್ಕೆ ಒಂದು ಪೈಸೆಯೂ ಬೇಡ. ಮೇಸ್ತ್ರಿ ಮತ್ತು ಗುಮಾಸ್ತರು ಕುಳಿತು ನೋಡಿ ಸರಿ ಎಂದ ಮೇಲೆ ಸಾಫ್ಟ್‌ವೇರಿನ ಮಾತು. ಕೊಂಡರೆ ಜೂನ್ ಜುಲೈಯಲ್ಲಿ ಚಾಲೂ ಮಾಡುವುದು, ಕೊಯ್ಲಿನ ಕಾಲದಲ್ಲಿ ಖಂಡಿತ ಬೇಡ. ಚಾಲೂ ಆದ ದಿನದಿಂದ ಯಾವ ಪುಸ್ತಕ ಯಾವ ತಾರೀಕಿಗೆ ಮುಚ್ಚಬೇಕು ಎಂಬುದನ್ನು ಠರಾವಿನಲ್ಲೇ ನಮೂದಿಸುವುದು. ಹನ್ನೆರಡು ದಿನ ಮೂರಕ್ಕೆ ಇಳಿಯಿತೇ ಇಲ್ಲವೇ ಎಂಬುದನ್ನು ಮುಂದಿನ ವರ್ಷದ ವರದಿಯಲ್ಲಿ ಅಚ್ಚು ಹಾಕಿಸುವುದು.

ಹಿಂದಿನ ಠರಾವಿಗೆ ಸಹಿ ಹಾಕಿದ ನಾನು ಇದನ್ನು ಮಂಡಿಸಿದರೆ ಕೆಲವರು ನಗಬಹುದು. ನಗಲಿ. ತಿದ್ದುಪಡಿಯನ್ನು ಅನುಮೋದಿಸಲು ಒಬ್ಬ ಸದಸ್ಯರು ಬೇಕು. ಒಪ್ಪುವವರು ಸಭೆಗೆ ಅರ್ಧ ಗಂಟೆ ಮೊದಲೇ ಬಂದರೆ ಗೋದಾಮಿನ ಜಗಲಿಯಲ್ಲಿ ಕುಳಿತು ಮಾತಾಡೋಣ.